ಸಾಲವಿಲ್ಲದ ಸೋಲು

ಬೆಳಗ್ಗೆ ಹಿತ್ತಲ ಬಾಗಿಲು ತೆಗೆದರೆ ಟೊಮೆಟೊ ಗಿಡಗಳ ಬುಡದಲ್ಲಿ ಹಳದಿ ಹೂಗಳು ಚೆಲ್ಲಿಕೊಂಡಿರುತ್ತವೆ. ಪಾರಿಜಾತವಾಗಿದ್ದರೆ ಆಯ್ದು ತಂದು ದೇವರಿಗೆ ಏರಿಸುತ್ತಿದ್ದೆವು. ಉದುರಿದ ಟೊಮೆಟೊ ಹೂವನ್ನು ಏನು ಮಾಡುವುದು? ಅದನ್ನು ಯಾವ ದೇವರೂ ಕೇಳಿಲ್ಲ. ಒಂದೊಂದು ಹೂವನ್ನೂ ಒಂದೊಂದು ಹಣ್ಣೆಂದು ನಿನ್ನೆ ಸಂಜೆಯಷ್ಟೇ ಎಣಿಸಿಟ್ಟುಕೊಂಡಿದ್ದ ನಾವು, ಇವತ್ತು ಅದೇ ಹೂಗಳನ್ನು ಕಾಲಿನಿಂದ ಸರಿಸಿ ಮುಂದೆ ಹೋಗುತ್ತೇವೆ.

ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಹೊರಟ ಮೇಲೆ ನಮ್ಮ ಮೈಸೂರಿನ ಹಿತ್ತಲುಗಳಲ್ಲಿ ಕೆಲವು ದಿನ ಎಲ್ಲವೂ ಚೆಂದ. ಊರಿದ ಬೆಂಡೆ ಬೀಜ ನಾಲ್ಕೈದು ದಿನಕ್ಕೆ ತಲೆ ಎತ್ತುತ್ತದೆ. ಹೀರೆ ಬಳ್ಳಿ ಕೈಗೆ ಸಿಕ್ಕ ದಾರವನ್ನೇ ಹಿಡಿದು ಚಪ್ಪರದತ್ತ ಹೊರಡುತ್ತದೆ. ಬದನೆ ನೇರಳೆ ಹೂ ಬಿಟ್ಟು ನಿಲ್ಲುತ್ತದೆ. ಮನೆಗೆ ಬಂದವರನ್ನು ಕಾಫಿ ಲೋಟದ ಸಮೇತ ಹಿತ್ತಲಿಗೆ ಕರೆದೊಯ್ಯದೆ ನಾವು ಬಿಡುವುದಿಲ್ಲ. ಏನು ಗೊಬ್ಬರ ಹಾಕುತ್ತೀರಿ ಎಂದು ಯಾರಾದರೂ ಕೇಳಿದರಂತೂ ನಮ್ಮ ಮಾತಿಗೆ ಕೊನೆಯಿಲ್ಲ. ಆ ದಿನಗಳಲ್ಲಿ ಬೆಳೆಯುತ್ತಿರುವುದು ಗಿಡವೋ ನಮ್ಮ ಅಹಂಕಾರವೋ, ಹೇಳುವುದು ಕಷ್ಟ.

ಆಮೇಲೆ ಬಿಸಿಲು ಬಲಿಯುತ್ತದೆ. ಹಗಲಿನ ಕಾವು 35 ಡಿಗ್ರಿ ದಾಟಿ, ರಾತ್ರಿಯೂ ನೆಲ ತಣಿಯದಿದ್ದರೆ ಟೊಮೆಟೊ ಹೂವಿನ ಪರಾಗ ಸತ್ವ ಕಳೆದುಕೊಳ್ಳುತ್ತದೆ. ಹೂವಿನ ತೊಟ್ಟನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದರ ನಡುವೆ ಬೆರಳ ಗೆಣ್ಣಿನಂಥದೊಂದು ಗಂಟು ಇರುತ್ತದೆ. ಕಾಯಿ ಕಟ್ಟದ ಹೂವನ್ನು ಗಿಡ ಆ ಗಂಟಿನಲ್ಲಿಯೇ ಕಳಚಿ ಕೆಳಗಿಡುತ್ತದೆ. ಕಿತ್ತ ಗಾಯವಿಲ್ಲ, ಹರಿದ ಗುರುತಿಲ್ಲ. ಬಿಟ್ಟುಕೊಡುವುದಕ್ಕೆಂದೇ ಮೊದಲಿನಿಂದ ಒಂದು ಜಾಗ ಮಾಡಿಟ್ಟುಕೊಂಡ ಹಾಗೆ.

ನಮ್ಮಲ್ಲಿ ಅಂಥ ಗಂಟು ಎಲ್ಲಿದೆ? ಬೆಳೆಸಿಕೊಂಡ ಆಸೆಯನ್ನು ಗಾಯವಾಗದಂತೆ ಕಳಚಿಡುವ ಜಾಗ ನಮ್ಮ ಮೈಯಲ್ಲಿ, ಮನಸ್ಸಿನಲ್ಲಿ ಎಲ್ಲಾದರೂ ಉಂಟೇ? ಮಗನ ಓದಿನ ಬಗ್ಗೆ, ನಿವೃತ್ತಿಯ ದಿನಗಳ ಬಗ್ಗೆ, ನಮ್ಮ ಆರೋಗ್ಯದ ಬಗ್ಗೆ ನಾವು ಕಟ್ಟಿಕೊಂಡ ಹೂಗಳೆಲ್ಲ ಉದುರಬೇಕಾದಾಗ ತೊಗಟೆಯನ್ನೂ ಕಿತ್ತುಕೊಂಡೇ ಹೋಗುತ್ತವಲ್ಲ! ಗಿಡದ ಮೇಲೆ ನಮ್ಮ ವೇದಾಂತ ಹೇರುವುದು ತಪ್ಪೆಂದು ಬಲ್ಲೆ. ಗಿಡ ತ್ಯಾಗವನ್ನೂ ಮಾಡುತ್ತಿಲ್ಲ, ಪಾಠವನ್ನೂ ಹೇಳುತ್ತಿಲ್ಲ, ಬದುಕಿಕೊಳ್ಳುತ್ತಿದೆ ಅಷ್ಟೆ. ಆದರೂ ಬಗ್ಗಿ ಆ ಗಂಟನ್ನು ಒಮ್ಮೆ ನೋಡಿದ ಮೇಲೆ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

ಬಿಸಿಲಿಗಿಂತ ಹೆಚ್ಚಾಗಿ ಗಿಡವನ್ನು ಕಾಡುವುದು ನಮ್ಮ ಪ್ರೀತಿಯೇ ಇರಬಹುದು. ಮಧ್ಯಾಹ್ನ ಎರಡು ಗಂಟೆಗೆ ಕಿಟಕಿಯಿಂದ ನೋಡುತ್ತೇವೆ. ಹೀರೆ ಎಲೆಗಳೆಲ್ಲ ಒದ್ದೆ ಬಟ್ಟೆಯಂತೆ ಜೋತುಬಿದ್ದಿರುತ್ತವೆ. ಕರುಳು ಚುರುಕ್ಕೆನ್ನುತ್ತದೆ, ಬಕೆಟ್ ಹಿಡಿದು ಓಡುತ್ತೇವೆ. ಬುಡ ಮುಟ್ಟಿ ನೋಡಿದರೆ ಮಣ್ಣಿನಲ್ಲಿ ಬೆಳಗಿನ ಪಸೆ ಇನ್ನೂ ಇದೆ. ಎಲೆಯಿಂದ ಆರಿಹೋಗುವಷ್ಟು ನೀರನ್ನು ಆ ಹೊತ್ತಿನಲ್ಲಿ ಬೇರು ಏರಿಸಲಾರದು. ಹಾಗಾಗಿ ಎಲೆ ಸೋತಂತೆ ಬಾಗಿ ಬಿಸಿಲಿಗೆ ಒಡ್ಡಿದ ಮೈಯನ್ನು ಕಡಿಮೆ ಮಾಡಿಕೊಳ್ಳುತ್ತದೆ. ಸಂಜೆ ಐದಕ್ಕೆ ತಾನಾಗಿಯೇ ಎದ್ದು ನಿಲ್ಲುತ್ತದೆ. ಮಧ್ಯಾಹ್ನದ ಬಾಡು ಬಾಡಲ್ಲ, ಸಂಜೆಗೂ ಏಳದಿದ್ದರೆ ಅದು ಬಾಡು. ಇಷ್ಟು ತಿಳಿಯುವ ಮೊದಲು ನಾನು ಎರಡು ಬೇಸಿಗೆಗಳಲ್ಲಿ ಎಷ್ಟೋ ಬೇರುಗಳನ್ನು ನೀರು ಕುಡಿಸಿಯೇ ಕೊಳೆಸಿದ್ದೇನೆ. ಬಾಗಿದವರನ್ನೆಲ್ಲ ಎತ್ತಲು ಓಡುವ ನಾವು, ಅವರು ತಮ್ಮ ಸಂಜೆಗೆ ಕಾಯುತ್ತಿರಬಹುದೆಂದು ಯೋಚಿಸುತ್ತೇವೆಯೇ?

ನೀರಿನ ಮಾತು ಬಂದಿತೆಂದು ಹೇಳುತ್ತೇನೆ. 2023ರ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ಮರುವರ್ಷದ ಮಾರ್ಚಿನಲ್ಲಿ ಬೆಂಗಳೂರಿನ ಮಗಳು ಫೋನ್ ಮಾಡಿದಳು. ‘ಅಪ್ಪಾ, ಇಲ್ಲಿ ಕುಡಿಯೋ ನೀರನ್ನ ಗಿಡಕ್ಕೆ ಹಾಕಿದ್ರೆ 5,000 ರೂಪಾಯಿ ದಂಡ!’ ಆಜ್ಞೆಯಲ್ಲಿ ಅನ್ಯಾಯವೇನೂ ಇರಲಿಲ್ಲ. ಕೊಡ ಹಿಡಿದು ಟ್ಯಾಂಕರಿಗೆ ಕಾಯುವವರ ಎದುರು ಬಾಲ್ಕನಿಯ ಬದನೆಗೆ ಯಾವ ಹಕ್ಕು? ಅವಳು ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಎಂದು ಹಿಡಿದಿಟ್ಟು ನಾಲ್ಕು ಕುಂಡಗಳನ್ನು ಉಳಿಸಿಕೊಂಡಳು. ಅದನ್ನೊಂದು ಹೊಸ ಉಪಾಯವೆಂಬಂತೆ ನನಗೆ ವಿವರಿಸಿದಳು. ನಾನು ಸುಮ್ಮನೆ ಕೇಳಿಸಿಕೊಂಡೆ. ನಮ್ಮ ಅಮ್ಮನ ಕಾಲದಲ್ಲಿ ಕಲಗಚ್ಚು ಹಸುವಿಗೆ ಹೋಗುತ್ತಿತ್ತು, ಬಚ್ಚಲ ನೀರು ಬಾಳೆಯ ಬುಡಕ್ಕೆ. ಮನೆಯೊಳಗೆ ಬಂದ ನೀರು ಇನ್ನೊಂದು ಜೀವವನ್ನು ಮುಟ್ಟದೆ ಹೊರಗೆ ಹೋಗುತ್ತಲೇ ಇರಲಿಲ್ಲ. ಅದಕ್ಕೆ ನಾವು ಹೆಸರೂ ಇಟ್ಟಿರಲಿಲ್ಲ.

ಈ ಸಲ ನನ್ನನ್ನು ಹೆಚ್ಚು ಸೋಲಿಸಿದ್ದು ಬೆಂಡೆ. ಹದಿನೆಂಟು ಗಿಡ, ಎದೆಯೆತ್ತರಕ್ಕೆ ಬರುತ್ತಿದ್ದವು. ಒಂದು ದಿನ ಒಂದು ಎಲೆಯ ನರಗಳು ಮಾತ್ರ ಹಳದಿಯಾಗಿ, ಹಸಿರಿನ ಮೇಲೆ ಅರಿಶಿನದ ದಾರದಿಂದ ಬಲೆ ನೇಯ್ದಂತೆ ಕಂಡಿತು. ಕೇಡು ಇಷ್ಟು ಸುಂದರವಾಗಿ ಬರಬಹುದೇ ಎಂದು ಬೆರಗಾದೆ. ಹಳದಿ ನರದ ನಂಜು ಅದು. ಬಿಳಿನೊಣ ಎಲೆಯಿಂದ ಎಲೆಗೆ ಹೊತ್ತು ತರುತ್ತದೆ. ಬಿಸಿಲು, ಒಣಹವೆ ಅದಕ್ಕೆ ಹಬ್ಬ. ತಗುಲಿದ ಗಿಡಕ್ಕೆ ಮದ್ದಿಲ್ಲ, ಕಿತ್ತು ಹಾಕಬೇಕು. ಈ ರೋಗವನ್ನು ತಾಳಿಕೊಳ್ಳಲೆಂದೇ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹಿಂದೆಯೇ ಒಂದು ತಳಿ ತಂದಿದ್ದರು, ಹೆಸರು ಅರ್ಕಾ ಅನಾಮಿಕ. ಹೆಸರಿಲ್ಲದವಳು ಎಂಬ ಹೆಸರನ್ನು ತರಕಾರಿಗೆ ಇಟ್ಟವರು ಯಾರೋ, ರಸಿಕರೇ ಇರಬೇಕು. ಮೊದಲು ಅದು ಚೆನ್ನಾಗಿಯೇ ಎದುರು ನಿಂತಿತು. ಕಾಲ ಸರಿದಂತೆ ರೋಗವೂ ಪಟ್ಟು ಕಲಿಯಿತು. ಗೆದ್ದೆವೆಂದು ಕೂತ ಕಡೆಯಿಂದಲೇ ಮತ್ತೆ ಏಳಬೇಕಾಯಿತು.

ಹದಿನೆಂಟರಲ್ಲಿ ಹನ್ನೊಂದು ಗಿಡ ಕಿತ್ತೆ. ಕೀಳುವಾಗ ಬೇರಿನ ಜೊತೆ ಬಂದ ಮಣ್ಣನ್ನು ಕೊಡವಿ ಅಲ್ಲಿಯೇ ಹಾಕುತ್ತೇವಲ್ಲ, ಆ ಒಂದು ಕ್ರಿಯೆಯಲ್ಲಿ ಏನೋ ಇದೆ. ಗಿಡ ಹೋಗಲಿ, ಮಣ್ಣು ಹೋಗದಿರಲಿ ಎಂಬ ಜಿಪುಣತನವೋ, ಮತ್ತೆ ಬಿತ್ತುತ್ತೇನೆಂದು ಕೈ ಮನಸ್ಸಿಗಿಂತ ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆಯೋ?

ಇಂಥ ಹೊತ್ತಿನಲ್ಲಿ ಗೀತೆಯನ್ನು ಎಳೆದು ತರುವುದು ಸುಲಭ. ಕರ್ಮಕ್ಕಷ್ಟೇ ಅಧಿಕಾರ, ಫಲಕ್ಕಲ್ಲ ಎನ್ನುವವರು ಪ್ರತಿ ಬೀದಿಯಲ್ಲೂ ಒಬ್ಬರಾದರೂ ಇದ್ದಾರೆ. ಆದರೆ ಫಲದ ಆಸೆಯೇ ಇಲ್ಲದೆ ಬದನೆ ನೆಟ್ಟವರನ್ನು ನಾನಂತೂ ಕಂಡಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂದವರೂ ಬಹುಶಃ ಚೈತ್ರದಲ್ಲಿ ಟೊಮೆಟೊ ಬೆಳೆದವರಲ್ಲ. ಆಸೆ ಇರಲಿ, ಅದರಲ್ಲಿ ನಾಚಿಕೆಯೇನು? ಗಿಡ ಕೊಡುವುದಿಲ್ಲ ಎಂದ ಮೇಲೂ ಮರುದಿನ ಬೆಳಗ್ಗೆ ಆ ಆಸೆ ಅದೇ ಗಿಡದ ಬಳಿಗೆ ಹೋಗುತ್ತದೆಯೋ ಇಲ್ಲವೋ ಎನ್ನುವುದಷ್ಟೇ ನನ್ನ ಕುತೂಹಲ.

ಮನೆಯಾಕೆಯ ಲೆಕ್ಕ ಬೇರೆ. ‘ಹತ್ತು ರೂಪಾಯಿ ಬೆಂಡೆಕಾಯಿಗೆ ನೂರು ರೂಪಾಯಿ ನೀರು’ ಎಂದು ಆಕೆ ನಗುತ್ತಾಳೆ. ಆ ನಗುವನ್ನು ನಾನೂ ಹಂಚಿಕೊಳ್ಳುತ್ತೇನೆ. ಆಮೇಲೆ ಯೋಚಿಸಿದರೆ, ಈ ಹಿತ್ತಲಿನ ನಿಜವಾದ ಸಂಗತಿ ಆ ನಗುವಿನಲ್ಲೇ ಇದೆ ಅನ್ನಿಸುತ್ತದೆ. ನಾವು ನಗಬಲ್ಲೆವು. ಹನ್ನೊಂದು ಬೆಂಡೆ ಗಿಡ ಕಿತ್ತು, ಕೈ ತೊಳೆದು, ಒಳಗೆ ಬಂದು, ಊಟಕ್ಕೆ ಕೂರಬಲ್ಲೆವು. ನಮ್ಮ ಸೋಲಿಗೆ ಸಾಲವಿಲ್ಲ.

ಇದೇ ಬಿಸಿಲು, ಇದೇ ಬಿಳಿನೊಣ ಕೋಲಾರದ ಕಡೆಯ ತೋಟಕ್ಕೆ ಹೋದರೆ? ಅಲ್ಲಿ ಟೊಮೆಟೊ ನೆಟ್ಟವನ ಹಿಂದೆ ಸಸಿಯ ದುಡ್ಡು, ಊರುಗೋಲಿನ ದುಡ್ಡು, ಕೊಳವೆಬಾವಿಯ ಕಂತು, ಕೂಲಿ ಎಲ್ಲ ಸಾಲಾಗಿ ನಿಂತಿರುತ್ತವೆ. ಅಲ್ಲಿ ಒಂದು ಹೂ ಉದುರಿದರೆ ಯಾರೂ ವೇದಾಂತ ಹೇಳುವುದಿಲ್ಲ. 2023ರಲ್ಲಿ ಕೋಲಾರದ ತೋಟಗಳಲ್ಲಿ ಎಲೆ ಮುಟುರು ರೋಗ ಹಬ್ಬಿ ಇಳುವರಿ ಕುಸಿದಿತ್ತು. ಜುಲೈ ಹೊತ್ತಿಗೆ ಅಲ್ಲಿನ ಎಪಿಎಂಸಿ ಮಾರುಕಟ್ಟೆಯಲ್ಲಿ 15 ಕೆ.ಜಿ.ಯ ಬಾಕ್ಸ್ 2,000 ರೂಪಾಯಿ ದಾಟಿತು. ನಾವು ಅಂಗಡಿಗಳ ಮುಂದೆ ನಿಂತು ಬೆಲೆ ಕೇಳಿ ಹುಬ್ಬೇರಿಸಿದೆವು, ಸಾರಿಗೆ ಹುಣಸೆಹಣ್ಣು ಹೆಚ್ಚಿಸಿದೆವು. ರೈತ ಕೋಟ್ಯಧಿಪತಿಯಾದ ಎಂಬ ಸುದ್ದಿಗಳನ್ನು ಓದಿದೆವು. ಬೆಳೆ ಒಣಗಿಹೋದವನ ಪಾಲಿಗೆ ಆ ಬೆಲೆಯಿಂದ ಬಂದದ್ದೇನು? ಇನ್ನೊಂದು ವರ್ಷ ಬೆಳೆ ಹುಲುಸಾಗಿ ಬಂದಾಗ ಕೀಳುವ ಕೂಲಿಯೂ ಹುಟ್ಟದೆ ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿಯುತ್ತಾರೆ. ಬೆಳೆ ಬಾರದಿದ್ದರೂ ಸೋಲು, ಬಂದರೂ ಸೋಲು. ಏರಿಳಿತ ಎಂಬ ಮೆತ್ತನೆಯ ಮಾತು ಅಲ್ಲಿಗೆ ಹೊಂದುವುದೇ ಇಲ್ಲ.

ಹಾಗೆಂದು ನಾಲ್ಕು ಮಡಿ ತರಕಾರಿ ಬೆಳೆದವನು ನಾನೂ ಒಬ್ಬ ರೈತನೇ ಎಂದುಕೊಂಡರೆ ಅದಕ್ಕಿಂತ ಅಗ್ಗದ ನಂಟು ಬೇರೆ ಇಲ್ಲ. ನಗರದ ಹಿತ್ತಲಿಗರಾದ ನಮ್ಮಲ್ಲಿ ಈ ಚಪಲ ಇದೆ, ನನ್ನಲ್ಲೂ ಇತ್ತು. ಉಪವಾಸ ಮಾಡಿದವನಿಗೆ ಹಸಿದವನ ಕಷ್ಟ ಗೊತ್ತು ಎಂದಂತೆ ಅದು. ಏಕಾದಶಿಯ ಮರುದಿನ ದ್ವಾದಶಿ ಬರುತ್ತದೆಂದು ಉಪವಾಸಿಗೆ ಗೊತ್ತಿರುತ್ತದಲ್ಲ! ಆದರೂ ಏನೂ ಗೊತ್ತಿಲ್ಲದವನಿಗಿಂತ ಒಂದು ಹೊತ್ತು ಹೊಟ್ಟೆ ಚುರುಗುಟ್ಟಿದವನು ಒಂದು ಹೆಜ್ಜೆ ಹತ್ತಿರ ಬಂದಿರಲಾರನೇ? ನಮಗೆ ದಕ್ಕಬಹುದಾದ ಸಾಮೀಪ್ಯ ಅಷ್ಟೇ ಇರಬಹುದು, ಒಂದು ಹೆಜ್ಜೆಯದು.

ಬಿಸಿಲು ಕಸಿದುಕೊಂಡದ್ದನ್ನಷ್ಟೇ ಹೇಳಿದರೆ ಅದಕ್ಕೆ ಅನ್ಯಾಯ ಮಾಡಿದಂತೆ. ಟೊಮೆಟೊ ಹೂ ಚೆಲ್ಲಿದ ಅದೇ ಪಾತಿಯ ಅಂಚಿನಲ್ಲಿ ದಂಟು ಎದ್ದಿತು. ಯಾರೂ ಬಿತ್ತಿದ್ದಲ್ಲ, ಹೋದ ವರ್ಷ ತೆನೆ ಬಲಿತು ಉದುರಿದ ಬೀಜ, ಸಾಸಿವೆಗಿಂತ ಸಣ್ಣದು. ಕೊತ್ತಂಬರಿ ಕಾವಿಗೆ ಹೆದರಿ ಎಳೆಯದರಲ್ಲೇ ಹೂ ಹೊತ್ತಿತು. ದಂಟು ಮಾತ್ರ ಬಿಸಿಲು ಏರಿದಷ್ಟೂ ಕೆಂಪಾಗಿ, ದಪ್ಪಗೆ, ವಾರಕ್ಕೊಂದು ಗೇಣು ಬೆಳೆಯಿತು. ನಾನು ಕಣ್ಣೀರಿಟ್ಟ ಬಿಸಿಲು ಅದರ ಪಾಲಿಗೆ ತವರು. ಬಸ್ಸಾರಿನ ಬಟ್ಟಲು ಮುಂದಿಟ್ಟುಕೊಂಡಾಗ ನಾಚಿಕೆಯಾಯಿತು, ನಾನು ಅದಕ್ಕೆ ಒಂದು ಚೊಂಬು ನೀರನ್ನೂ ಬೇರೆಯಾಗಿ ಹಾಕಿರಲಿಲ್ಲ. ಎಣಿಸಿ ಕಾದಿದ್ದು ಬರಲಿಲ್ಲ, ಎಣಿಸದೇ ಇದ್ದದ್ದು ಊಟಕ್ಕೆ ಬಂತು. ಕಾಯುತ್ತಿದ್ದ ಕಣ್ಣು ಟೊಮೆಟೊದ ಮೇಲೇ ಇದ್ದುದರಿಂದ, ಪಕ್ಕದಲ್ಲಿ ಬೆಳೆಯುತ್ತಿದ್ದುದು ಕಾಣಲು ಹದಿನೈದು ದಿನ ಬೇಕಾಯಿತು. ನಮ್ಮ ಆಯುಷ್ಯದಲ್ಲಿ ಹೀಗೆ ಕಾಣದೆ ಹೋದ ದಂಟುಗಳೆಷ್ಟೋ.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ಏಪ್ರಿಲ್ ಕೊನೆಗೆ ಭರಣಿ ಹುಟ್ಟಿದ ಮೇಲೆ ಒಂದು ಸಂಜೆ ಪಡುವಣದಲ್ಲಿ ಮೋಡ ಕಪ್ಪಾಯಿತು. ಮೊದಲು ಗಾಳಿ, ಆಮೇಲೆ ಹೆಂಚಿನ ಮೇಲೆ ಕಲ್ಲು ಎಸೆದ ಸದ್ದು. ಆಲಿಕಲ್ಲು. ಹತ್ತೇ ನಿಮಿಷ. ಹೀರೆಯ ಚಪ್ಪರ ಒಂದು ಕಡೆ ಕುಸಿಯಿತು, ಎಲೆಗಳು ಜರಡಿಯಾದವು, ಬದನೆಯ ಎರಡು ಕೊಂಬೆ ಸೀಳಿದವು. ಅದರ ಹಿಂದೆಯೇ ನೆಟ್ಟಗಿನ ಮಳೆ ಒಂದು ಗಂಟೆ ಸುರಿಯಿತು. ಎರಡು ತಿಂಗಳು ಬಕೆಟ್ಟಿನಲ್ಲಿ ಹೊತ್ತರೂ ಆಗದ್ದು ಆ ಒಂದು ಗಂಟೆಯಲ್ಲಿ ಆಯಿತು. ಒಂದೇ ಮೋಡ ತಂದ ಎರಡನ್ನು ನಾವು ಹೇಗೆ ಬೇರೆ ಬೇರೆ ಮಾಡುವುದು? ಹೊಡೆದ ಕೈಗೆ ಬೈದು, ಕೊಟ್ಟ ಕೈಗೆ ಮುಗಿಯೋಣವೆಂದರೆ ಅಲ್ಲಿ ಇದ್ದದ್ದು ಒಂದೇ ಕೈ.

ವಾರ ಕಳೆದು ನೋಡಿದರೆ, ಸತ್ತಿತೆಂದು ಬಿಟ್ಟಿದ್ದ ಟೊಮೆಟೊದ ಕಂಕುಳಲ್ಲಿ ಹೊಸ ಚಿಗುರು. ರಾತ್ರಿಗಳು ತಣಿದಿದ್ದವು. ಎರಡು ಹೂಗೊಂಚಲು ಬಂದವು. ಒಂದರಲ್ಲಿ ಮಾತ್ರ ಮೆಣಸಿನ ಕಾಳಿನ ಗಾತ್ರದ ಹಸಿರು ಹೀಚು. ಅದು ಹಣ್ಣಾಗುವ ಮೊದಲು ಅಳಿಲಿಗೆ ಗೊತ್ತಾಗದಿರಲಿ ಎಂದುಕೊಂಡೆ. ಅಳಿಲಿಗೂ ಬಾಯಾರಿಕೆ ಇರುತ್ತದೆ, ಅದೂ ನನಗೆ ಗೊತ್ತು.

ಮೊನ್ನೆ ತಳ್ಳುಗಾಡಿಯ ಹೆಂಗಸು ಬಾಗಿಲಿಗೆ ಬಂದಾಗ ಅವಳ ಬುಟ್ಟಿಯಲ್ಲಿ ಬೆಂಡೆಕಾಯಿ ಇತ್ತು. ಎಲ್ಲಿಯದಮ್ಮ ಎಂದು ಕೇಳಿದೆ. ನಂಜನಗೂಡು ಕಡೆಯದು ಸಾರ್ ಎಂದಳು. ಈ ಬಿಸಿಲಿನಲ್ಲಿ, ಈ ನೊಣದ ನಡುವೆ, ಒಂದೇ ಅಳತೆಯ ಇಷ್ಟೊಂದು ಕಾಯಿ! ಅವುಗಳ ಹಿಂದೆ ಎಷ್ಟು ಗಿಡ ಕಿತ್ತಿರಬಹುದು, ಯಾರು ಎಷ್ಟು ಹೊತ್ತಿಗೆ ಎದ್ದು ಬಿಡಿಸಿರಬಹುದು ಎಂದು ನೋಡುತ್ತಾ ನಿಂತೆ. ಅರ್ಧ ಕೆ.ಜಿ. ಹಾಕಮ್ಮ ಎಂದೆ, ಬೆಲೆ ಕೇಳಲಿಲ್ಲ. ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ: ಅಷ್ಟರಲ್ಲಿ ನನ್ನ ಕೈ ತಾನಾಗಿಯೇ ಬುಟ್ಟಿಗೆ ಹೋಗಿ, ಒಂದು ಕಾಯಿ ಎತ್ತಿ, ತುದಿ ಮುರಿದು ನೋಡಿತ್ತು. ಎಳೆಯದೇ ಆಗಿತ್ತು. ಮುರಿದದ್ದನ್ನು ವಾಪಸು ಬುಟ್ಟಿಗೆ ಹಾಕದೆ ತಕ್ಕಡಿಗೆ ಹಾಕಿದೆ.