ಮರೋಳದ ಗದ್ದೆಗಳ ಪರವಾಗಿ

ಬಾಂದ್ರಾ ಗುಡ್ಡದ ಮರಿಯಮ್ಮ, ಮೋತ್ ಮಾವುಲಿ ತಾಯೇ, ಸೆಪ್ಟೆಂಬರ್ 8ರ ನಿನ್ನ ಹಬ್ಬದ ಆಸುಪಾಸಿನಲ್ಲಿ ಮೇಣದ ಬತ್ತಿ ಹಿಡಿದು ಗುಡ್ಡ ಹತ್ತುವವರ ಜಾತಿ ಮತ ನೀನು ಕೇಳಿದವಳಲ್ಲ. ಆ ಸಲಿಗೆಯಿಂದಲೇ ಈ ಅರಿಕೆ. ಅದೇ ದಿನ ನಮ್ಮ ಮಂಗಳೂರು ಕಡೆ ಮೊಂತಿ ಹಬ್ಬ. ಹೊಸ ತೆನೆಗೆ ಆಶೀರ್ವಾದ ಪಡೆದು ಮನೆಗೊಯ್ಯುತ್ತಾರೆ. ನಾನು ಬೇಡುವುದು ಹಬ್ಬ ಉಳಿದೂ ಗದ್ದೆ ಉಳಿಯದ ಮುಂಬೈಯ ಮರೋಳದ ಈಸ್ಟ್ ಇಂಡಿಯನ್ನರಿಗಾಗಿ.

ಮುಂಬೈಯ ಸಾಷ್ಟಿ ದ್ವೀಪದ ಮಣ್ಣಿನವರೇ ಅವರು. ಪೋರ್ಚುಗೀಸರ ಕಾಲದಲ್ಲಿ ಕ್ರೈಸ್ತರಾದರೂ ಮನೆಮಾತು ಮರಾಠಿಯೇ, ಕಸುಬು ಭತ್ತದ ಬೇಸಾಯವೇ. 1579ರಲ್ಲಿ ಆಗಿನ ಅವರ ಊರು ಕೊಂಡಿವಿಟೆಯಲ್ಲಿ ಸಂತ ಯೋಹಾನರ ಇಗರ್ಜಿ ಎದ್ದಿತು. 1840ರಲ್ಲಿ ಸಾಂಕ್ರಾಮಿಕ ರೋಗ ಬಡಿದಾಗ ಊರು ಮರೋಳಕ್ಕೆ ಸರಿಯಿತು. ಪ್ರತಿಮೆಗಳನ್ನೂ ಕಂಬಗಳನ್ನೂ, ಮಕ್ಕಳಿಗೆ ಜ್ಞಾನಸ್ನಾನ ಮಾಡಿಸುವ ಕಲ್ಲಿನ ತೊಟ್ಟಿಯನ್ನೂ ಹೊತ್ತೊಯ್ದರು. ರೋಗದಿಂದ ತಪ್ಪಿಸಿಕೊಳ್ಳಲು ಪಕ್ಕದಲ್ಲೇ ಜಾಗವಿತ್ತು. ಮುಂಬೈಯಿಂದ ತಪ್ಪಿಸಿಕೊಂಡು ಎಲ್ಲಿಗೆ ಹೋಗುವುದು?

1949ರಲ್ಲಿ ನೆರೆಯ ಆರೇಯಲ್ಲಿ ಹಾಲಿನ ಕಾಲನಿ ಬಂತು, ಆಮೇಲೆ ಕಾರ್ಖಾನೆಗಳು, 1973ರಲ್ಲಿ ರಫ್ತು ವಲಯ ಸೀಪ್ಜ್. ಹಳೆಯ ಇಗರ್ಜಿಯ ಮಾಡಿಲ್ಲದ ಗೋಡೆಗಳು ಅದರ ಕಾಂಪೌಂಡಿನೊಳಗೆ ಸಿಕ್ಕಿಕೊಂಡವು. ಒಳಗೆ ಎಲೆಕ್ಟ್ರಾನಿಕ್ಸ್, ಚಿನ್ನ, ವಜ್ರದ ವ್ಯವಹಾರ. ಪಾಸ್ ಇಲ್ಲದವರಿಗೆ ಗೇಟು ತೆರೆಯದು. ಅಜ್ಜ ಮುತ್ತಜ್ಜಂದಿರು ಮೊಣಕಾಲೂರಿದ ನೆಲಕ್ಕೆ ಹೋಗಲು ಮೊಮ್ಮಕ್ಕಳು ಅನುಮತಿ ಕೇಳಬೇಕು. ಇದನ್ನು ನ್ಯಾಯ ಎನ್ನಲು ನನಗೆ ಬಾಯಿ ಬರುವುದಿಲ್ಲ, ತಾಯೇ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಕೆಲಸ ಹುಡುಕಿ ಬಂದ ಗೋವೆ, ಮಂಗಳೂರಿನ ಕ್ರೈಸ್ತರಿಂದ ತಾವು ಬೇರೆ ಎಂದು ತೋರಿಸಲೆಂದೇ ಈ ಜನ 1887ರಲ್ಲಿ ಈಸ್ಟ್ ಇಂಡಿಯನ್ ಎಂಬ ಹೆಸರಿಟ್ಟುಕೊಂಡರು. ನಮ್ಮ ಊರಿನವರ ನೂಕುನುಗ್ಗಲು ಅಂದೇ ಅವರಿಗೆ ತಟ್ಟಿತ್ತು. ಅವರ ಗದ್ದೆಬಯಲ ಮೇಲೆದ್ದ ಕಟ್ಟಡಗಳಲ್ಲಿ ಇಂದು ನಾವೂ ಬಾಡಿಗೆಗಿದ್ದೇವೆ, ಹೋಟೆಲು ನಡೆಸಿದ್ದೇವೆ.

ಅವರು ಮಾತ್ರ ಏನನ್ನೂ ಮರೆತಿಲ್ಲ. ಬೇಸಿಗೆಯಲ್ಲಿ ಮಸಾಲೆ ಕುಟ್ಟಿ, ಕಂದು ಬಣ್ಣದ ಬಿಯರ್ ಬಾಟಲಿಗಳಿಗೆ ಒತ್ತೊತ್ತಿ ತುಂಬಿ ವರ್ಷಕ್ಕಾಗುವಷ್ಟು ಇಟ್ಟುಕೊಳ್ಳುತ್ತಾರೆ. ಅಕ್ಟೋಬರಿನಲ್ಲಿ ಸುಗ್ಗಿಯ ಹಬ್ಬ ಆಗೆರಾ. ಲುಗಡೆ ಸೀರೆ ಉಟ್ಟ ಅಜ್ಜಿಯರು ತೆನೆ ಹಿಡಿದು ಮೆರವಣಿಗೆಯಲ್ಲಿ ಬರುತ್ತಾರೆ. ತೆನೆಯನ್ನು ಹೊರಗಿಂದ ತರಿಸಬೇಕು, ಅಷ್ಟೇ.

ಗದ್ದೆ ಮರಳಿಸು ಎಂದು ನಾನು ಕೇಳುವುದಿಲ್ಲ. ಉಳಿದಿರುವುದು ಹಳೆಯ ಊರಿನ ನೆಲೆಯಾದ ಗಾಂವಠಾಣ: ಇಕ್ಕಟ್ಟಾದ ಓಣಿ, ಜಗಲಿಯ ಮನೆ, ಮೂಲೆಯಲ್ಲೊಂದು ಶಿಲುಬೆ. ಅದರ ಗಡಿಯನ್ನು ಕಡತದಲ್ಲಿ ಸರಿಯಾಗಿ ಗುರುತಿಸುವ ಬುದ್ಧಿಯನ್ನು ಆಳುವವರಿಗೆ ಕೊಡು. ಕೊಳೆಗೇರಿ ಎಂದು ಷರಾ ಬರೆದು ಅದನ್ನು ಬಿಲ್ಡರಿಗೆ ಒಪ್ಪಿಸುವ ಕೈಯನ್ನು ತಡೆ, ತಾಯೇ.