ಸಾಯದಿರುವದೂ ನಿತ್ಯಜೀವವೂ



ಮನುಷ್ಯನು ಎಂದಿಗೂ ಸಾಯದೆ ಈ ಭೂಮಿಯ ಮೇಲೆಯೇ ಇರುವದಾದರೆ ಅವನಿಗೆ ನಿತ್ಯಜೀವವು ದೊರಕಿತೆಂದು ಹೇಳಬಹುದೋ? ಮರಣದಿಂದ ಅಗಲಿದ ಪ್ರೀತಿಪಾತ್ರರು ಬೇರೊಂದು ಜನ್ಮದಲ್ಲಿ ಕೂಡಿಕೊಳ್ಳುವರೆಂಬದು ನಂಬತಕ್ಕ ಮಾತೋ? ಈ ಪ್ರಶ್ನೆಗಳು ಪಂಡಿತರಿಗೆ ಮಾತ್ರ ಸೇರಿದವುಗಳಲ್ಲ. ನಮ್ಮ ನೆರೆಹೊರೆಯವರಲ್ಲಿ ಅನೇಕರು ಪುನರ್ಜನ್ಮವನ್ನು ನಂಬುತ್ತಾರೆ. ಚಲನಚಿತ್ರಗಳು ಅದನ್ನು ಪ್ರೇಮಕಥೆಯಾಗಿ ತೋರಿಸುತ್ತವೆ. ನಮ್ಮ ಯೌವನಸ್ಥರು ಅವುಗಳನ್ನು ನೋಡಿ ನಮ್ಮನ್ನು ಕೇಳುತ್ತಾರೆ. ಕೇಳಿದವರಿಗೆ ಸಿಟ್ಟಾಗದೆ ಉತ್ತರ ಕೊಡುವದು ನಮ್ಮ ಕರ್ತವ್ಯ. ಆದಕಾರಣ ಇಂಥ ಕಥೆಗಳಲ್ಲಿ ಹೆಸರುವಾಸಿಯಾದ ಒಂದನ್ನು ತೆಗೆದುಕೊಂಡು ವಿಚಾರಿಸೋಣ.

ರೈಡರ್ ಹ್ಯಾಗರ್ಡ್ (1856–1925) ಎಂಬ ಇಂಗ್ಲಿಷ್ ಗ್ರಂಥಕರ್ತನು ಯೌವನದಲ್ಲಿ ದಕ್ಷಿಣ ಆಫ್ರಿಕದಲ್ಲಿ ಕೆಲವು ವರುಷ ಇದ್ದು, ಸ್ವದೇಶಕ್ಕೆ ಹಿಂದಿರುಗಿದ ಬಳಿಕ 1887ರಲ್ಲಿ ‘ಷೀ’, ಅಂದರೆ ‘ಅವಳು’ ಎಂಬ ಕಾದಂಬರಿಯನ್ನು ಪ್ರಕಟಿಸಿದನು. ಅದನ್ನು ಹಲವು ಸಾರಿ ಚಲನಚಿತ್ರವಾಗಿ ಮಾಡಿದ್ದಾರೆ. 1965ರಲ್ಲಿ ಇಂಗ್ಲೆಂಡಿನ ಹ್ಯಾಮರ್ ಕಂಪೆನಿಯವರು ತೆಗೆದ ಚಿತ್ರದಲ್ಲಿ ಕಥೆಯು ಹೀಗಿದೆ. 1918ರಲ್ಲಿ ಮಹಾಯುದ್ಧವು ಮುಗಿದಾಗ ಪ್ಯಾಲೆಸ್ಟೈನ್ ದೇಶದಲ್ಲಿದ್ದ ಲಿಯೋ ಎಂಬ ಯುವಕನಿಗೆ ಮರುಭೂಮಿಯ ಆಚೆಯ ಗುಪ್ತ ಪಟ್ಟಣದಿಂದ ಕರೆ ಬರುತ್ತದೆ. ಅಲ್ಲಿ ಆಳುವವಳು ಅಯೇಷಾ ಎಂಬ ರಾಣಿ. ಆಕೆ ಪೂರ್ವಕಾಲದಲ್ಲಿ ಒಂದು ವಿಚಿತ್ರ ಜ್ವಾಲೆಯೊಳಗೆ ನಿಂತು, ಮುಪ್ಪಿಲ್ಲದೆ ಮರಣವಿಲ್ಲದೆ ಎರಡು ಸಾವಿರ ವರುಷ ಬದುಕಿದವಳು. ತಾನು ಹೊಟ್ಟೆಕಿಚ್ಚಿನಿಂದ ಕೊಂದುಹಾಕಿದ ಪ್ರಿಯನು ಪುನಃ ಹುಟ್ಟಿಬರುವನೆಂದು ಕಾದಿದ್ದಾಳೆ. ಲಿಯೋವಿನ ಮುಖವು ಆ ಸತ್ತವನ ಮುಖವೇ. ಉಸ್ತಾನೆ ಎಂಬ ಹುಡುಗಿ ಲಿಯೋವನ್ನು ಪ್ರೀತಿಸಿದ್ದಕ್ಕಾಗಿ ರಾಣಿಯು ಅವಳನ್ನು ಬೆಂಕಿಯ ಕುಳಿಗೆ ಒಪ್ಪಿಸುತ್ತಾಳೆ. ಕಡೆಗೆ ರಾಣಿಯೂ ಲಿಯೋವೂ ಕೂಡಿ ಜ್ವಾಲೆಯೊಳಗೆ ಹೋಗುತ್ತಾರೆ. ಎರಡನೆಯ ಸಾರಿ ಅದರೊಳಗೆ ಹೊಕ್ಕ ರಾಣಿಯು ಕ್ಷಣದಲ್ಲಿ ಮುದುಕಿಯಾಗಿ ಸಾಯುತ್ತಾಳೆ. ಲಿಯೋವಾದರೋ ಸಾಯಲಾರದವನಾಗಿ ಒಬ್ಬನೇ ಉಳಿಯುತ್ತಾನೆ.

ಎರಡು ಸಾವಿರ ವರುಷ ಕಾದಿರುವದು ದೊಡ್ಡ ಪ್ರೀತಿಯಂತೆ ಕಾಣುತ್ತದೆ. ಆದರೆ ಆಕೆ ಕಾದದ್ದು ಯಾರಿಗಾಗಿ? ಲಿಯೋವಿಗೆ ಸ್ವಂತ ಹೆಸರುಂಟು, ಸ್ವಂತ ಸ್ನೇಹಿತರುಂಟು, ಸ್ವಂತ ಮನಸ್ಸುಂಟು. ಇವುಗಳಲ್ಲಿ ಯಾವದೂ ರಾಣಿಗೆ ಬೇಕಾಗಿಲ್ಲ. ಅವನ ಮುಖವು ಬೇರೆಯಾಗಿದ್ದರೆ ಆಕೆ ಅವನನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಪ್ರೀತಿಯು ಸ್ವಪ್ರಯೋಜನವನ್ನು ಹುಡುಕುವದಿಲ್ಲವೆಂದು ಪೌಲನು ಕೊರಿಂಥದ ಸಭೆಗೆ ಕಲಿಸಿದನಲ್ಲವೇ? ಆ ಅಳತೆಯಿಂದ ಅಳೆದರೆ, ಸ್ವಲ್ಪಕಾಲ ಬದುಕಿ ಅನ್ಯಾಯವಾಗಿ ಸತ್ತ ಉಸ್ತಾನೆಯ ಪ್ರೀತಿಯೇ ದೊಡ್ಡದು.

ಇನ್ನೊಂದು ಮಾತನ್ನು ಗಮನಿಸಬೇಕು. ಮೊದಲು ಪ್ರಿಯನನ್ನು ಕೊಂದ ಹೊಟ್ಟೆಕಿಚ್ಚೇ ಎರಡು ಸಾವಿರ ವರುಷಗಳ ಮೇಲೆ ಉಸ್ತಾನೆಯನ್ನೂ ಕೊಂದಿತು. ಅಷ್ಟು ದೀರ್ಘಕಾಲವೂ ಆ ಹೃದಯವನ್ನು ತೊಳೆಯಲಿಲ್ಲ. ಆದಾಮನು ಪಾಪದಲ್ಲಿ ಬಿದ್ದ ಮೇಲೆ ದೇವರು ಜೀವವೃಕ್ಷದ ದಾರಿಯನ್ನು ಕಾವಲಿಟ್ಟು ಮುಚ್ಚಿದನೆಂದು ಆದಿಕಾಂಡದಲ್ಲಿ ಓದುತ್ತೇವೆ. ಅದನ್ನು ಕೇವಲ ದಂಡನೆಯೆಂದು ತಿಳಿಯುವವರುಂಟು. ಅದು ಕರುಣೆಯೂ ಆಗಿತ್ತೆಂದು ನಾವು ಎಣಿಸುತ್ತೇವೆ. ಯಾಕಂದರೆ ಕೆಟ್ಟ ಹೃದಯವುಳ್ಳವನಿಗೆ ಮುಗಿಯದ ದಿನಗಳನ್ನು ಕೊಡುವದು ರೋಗಿಯ ರೋಗವನ್ನು ವಾಸಿಮಾಡದೆ ಅವನ ಆಯುಷ್ಯವನ್ನು ಮಾತ್ರ ಬೆಳೆಸಿದಂತೆ. ನಿತ್ಯಜೀವವೆಂದರೆ ದಿನಗಳ ಲೆಕ್ಕವಲ್ಲ, ದೇವರನ್ನು ಅರಿತುಕೊಂಡು ಆತನೊಡನೆ ಬಾಳುವದು. ಅದು ಇಲ್ಲಿಯೇ, ಈ ಮಣ್ಣಿನ ದೇಹದಲ್ಲಿಯೇ ಪ್ರಾರಂಭವಾಗುತ್ತದೆ.

ಜನ್ಮಾಂತರದ ಲೆಕ್ಕವು ನಮಗೆ ಕಥೆಯ ಮಾತು ಮಾತ್ರವಲ್ಲ. ಲಿಯೋವು ತಾನು ಎಂದೂ ನೋಡದಿದ್ದ ಒಬ್ಬನ ಸಾಲಕ್ಕೆ ಹೊಣೆಯಾದನು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಯನ್ನು ಊರ ಬಾವಿಯ ಹತ್ತಿರಕ್ಕೆ ಸೇರಿಸದೆ, ಅವರ ಹೀನಸ್ಥಿತಿಯು ಹಿಂದಿನ ಜನ್ಮದ ಪಾಪದ ಫಲವೆಂದು ಹೇಳಿದರು. ಅದನ್ನು ಕೇಳಿ ಕೇಳಿ ಅವರೂ ನಿಜವೆಂದು ನಂಬಿದರು. ಹುಟ್ಟುಗುರುಡನನ್ನು ಕಂಡಾಗ ಶಿಷ್ಯರು, ಇದು ಯಾರ ಪಾಪದಿಂದಾಯಿತೆಂದು ಕರ್ತನನ್ನು ಕೇಳಿದರು. ಆತನು ಅವನ ಮೇಲಾಗಲಿ ಅವನ ತಂದೆತಾಯಿಗಳ ಮೇಲಾಗಲಿ ತಪ್ಪನ್ನು ಹೊರಿಸದೆ ಅವನ ಕಣ್ಣುಗಳನ್ನು ತೆರೆದನು. ಈ ಒಂದು ಸಂಗತಿಯಲ್ಲಿ ನಮಗೆ ಎಷ್ಟು ಬಿಡುಗಡೆ ಅಡಗಿದೆ ನೋಡಿರಿ! ಆದಕಾರಣ ನಮ್ಮಲ್ಲಿ ಯಾವನೂ ಕುಂಟನನ್ನಾಗಲಿ ಕುಷ್ಠರೋಗಿಯನ್ನಾಗಲಿ ಮಕ್ಕಳಿಲ್ಲದವಳನ್ನಾಗಲಿ ನೋಡಿ, ಇದು ಯಾವ ಪಾಪದ ಫಲವೋ ಎಂದು ಗುಣುಗುಟ್ಟದಿರಲಿ. ಬಾಯಲ್ಲಿ ಕ್ರಿಸ್ತನ ಹೆಸರಿದ್ದು ಮನಸ್ಸಿನಲ್ಲಿ ಹಳೇ ಲೆಕ್ಕವಿದ್ದರೆ ಪ್ರಯೋಜನವೇನು?

ಹಾಗಾದರೆ ಇಂಥ ಕಥೆಯನ್ನು ನೋಡಿ ಕಣ್ಣೀರಿಡುವವರನ್ನು ಹಾಸ್ಯಮಾಡೋಣವೋ? ಎಂದಿಗೂ ಬೇಡ. ಪ್ರೀತಿಯು ಸಮಾಧಿಯಲ್ಲಿ ಮುಗಿಯಬಾರದೆಂಬ ಹಂಬಲವನ್ನು ದೇವರೇ ಮನುಷ್ಯನ ಹೃದಯದಲ್ಲಿ ಇಟ್ಟಿದ್ದಾನೆ. ಆ ಕಾದಂಬರಿಯನ್ನು ಬರೆದವನೂ 1891ರಲ್ಲಿ ತನ್ನ ಒಬ್ಬನೇ ಮಗನನ್ನು ಕಳಕೊಂಡನು. ಮಗುವು ಸತ್ತಾಗ ತಂದೆಯು ದೂರದ ಮೆಕ್ಸಿಕೋ ದೇಶದಲ್ಲಿದ್ದನು. 1905ರಲ್ಲಿ ಅವನು ಅಯೇಷಾ ಹಿಂದಿರುಗಿ ಬಂದಳೆಂಬ ಮತ್ತೊಂದು ಕಥೆಯನ್ನು ಪ್ರಕಟಿಸಿದನು. ಹೋದವರು ಬರಬೇಕೆಂಬ ಆಶೆಯನ್ನು ಯಾರು ಗದರಿಸಾರು? ನಮ್ಮ ಸಭೆಗಳಲ್ಲಿಯೂ ಗಂಡನನ್ನು ಮಣ್ಣುಮಾಡಿ ಬಂದ ವಿಧವೆಯು ಉಪದೇಶಿಯನ್ನು ಕೇಳುವದು ಇದನ್ನೇ: ಅಯ್ಯಾ, ಅವರನ್ನು ನಾನು ಇನ್ನೊಮ್ಮೆ ಕಾಣುವೆನೋ?

ಅಮ್ಮಾ, ಕಾಣುವಿ. ಅವನ ಮುಖವನ್ನು ಹೊತ್ತ ಮತ್ತೊಬ್ಬನನ್ನಲ್ಲ, ಅವನನ್ನೇ. ಪುನರುತ್ಥಾನದ ಬೆಳಿಗ್ಗೆ ಮಗ್ದಲದ ಮರಿಯಳು ತೋಟದಲ್ಲಿ ಅಳುತ್ತಾ ನಿಂತಿದ್ದಾಗ ಕರ್ತನ ಮುಖವನ್ನು ಕಂಡರೂ ಗುರುತಿಸದೆ ತೋಟಗಾರನೆಂದು ನೆನಸಿದಳು. ಆತನು ಆಕೆಯ ಹೆಸರು ಹಿಡಿದು ಕರೆದಾಗಲೇ ಆಕೆಗೆ ಗೊತ್ತಾಯಿತು. ಅಯೇಷಾ ರಾಣಿಯು ಮುಖವನ್ನು ಗುರುತಿಸಿದಳು, ಮನುಷ್ಯನನ್ನು ಅರಿಯಲಿಲ್ಲ. ನಮ್ಮ ಕುರುಬನಾದರೋ ತನ್ನ ಕುರಿಗಳಲ್ಲಿ ಒಂದೊಂದನ್ನೂ ಅದರ ಹೆಸರಿನಿಂದ ಬಲ್ಲನು. ಒಬ್ಬನ ಸ್ಥಾನದಲ್ಲಿ ಮತ್ತೊಬ್ಬನು ಆತನಿಗೆ ಸಾಕಾಗುವದಿಲ್ಲ. ಆತನು ಬಲ್ಲವರು ಎಲ್ಲಿಗೂ ಕಳೆದುಹೋಗುವದಿಲ್ಲ.

ಮನುಷ್ಯನಿಗೆ ಮರಣವು ಒಮ್ಮೆಯೇ ಎಂದು ಇಬ್ರಿಯರಿಗೆ ಬರೆದ ಪತ್ರಿಕೆಯು ಕಲಿಸುತ್ತದೆ. ಹಾಗಿದ್ದರೆ ಬಾಳುವೆಯೂ ಒಮ್ಮೆಯೇ. ಪ್ರೀತಿಯ ಸಾಲವನ್ನು ಮುಂದಿನ ಜನ್ಮಕ್ಕೆ ತಳ್ಳಲು ನಮಗೆ ಅವಕಾಶವಿಲ್ಲ. ಹೆಂಡತಿಯೊಡನೆ ಬಿರುಸಾಗಿ ಮಾತಾಡಿದವನು ದೀಪ ಆರಿಸುವದಕ್ಕೆ ಮುಂಚೆ ಸಮಾಧಾನ ಮಾಡಿಕೊಳ್ಳಲಿ. ಹೊಲದ ಬದುವಿಗಾಗಿ ಅಣ್ಣನನ್ನು ಬಿಟ್ಟವನು ಕರ್ತನ ಭೋಜನಕ್ಕೆ ಬರುವ ಮುಂಚೆ ಅಣ್ಣನ ಬಾಗಿಲಿಗೆ ಹೋಗಲಿ. ಮುದಿತಾಯಿಯನ್ನು ಮರೆತು ಪಟ್ಟಣದಲ್ಲಿರುವವನು ಈ ತಿಂಗಳೇ ಊರಿಗೆ ಬರಲಿ. ಹೀಗೆ ಮಾಡುವದರಲ್ಲಿಯೇ ನಿತ್ಯಜೀವದ ರುಚಿಯು ನಮಗೆ ಈಗಲೇ ತಿಳಿದುಬರುವದು. ಅದನ್ನು ಸಂಪೂರ್ಣ ಮಾಡುವಾತನಿಗೆ ಸ್ತೋತ್ರವಾಗಲಿ.