ಬರಗಾಲಕ್ಕೆ ಕಾಪಿಟ್ಟ ತೆನೆ

2020ರ ಮಾರ್ಚ್ 24ರ ರಾತ್ರಿ ದೇಶಾದ್ಯಂತ ಲಾಕ್‌ಡೌನ್ ಘೋಷಣೆಯಾಯಿತು. ಕಟ್ಟಡ ಕೆಲಸಗಳು ನಿಂತವು. ದಿನಗೂಲಿಯನ್ನೇ ನಂಬಿದ್ದವರು ಮಕ್ಕಳನ್ನು ಹೆಗಲಿಗೇರಿಸಿ ಹೆದ್ದಾರಿಗಿಳಿದರು. ಮೇ ತಿಂಗಳ ಆರಂಭದಲ್ಲಿ, ಬಿಲ್ಡರುಗಳೊಂದಿಗೆ ಸಭೆ ನಡೆದ ಬೆನ್ನಿಗೇ, ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯಬೇಕಿದ್ದ ರೈಲುಗಳನ್ನು ಕರ್ನಾಟಕ ಸರಕಾರ ರದ್ದುಪಡಿಸಿತು. ತೀವ್ರ ಟೀಕೆಯ ಬಳಿಕ ಪುನಃ ಅನುಮತಿಸಿತು. ದುಡಿಯುವ ಕೈ ಬೇಕು, ಹಸಿದ ಹೊಟ್ಟೆಯ ಹೊಣೆ ಬೇಡ ಎಂಬ ನಮ್ಮ ಸಮಾಜದ ಮನೋಭಾವವನ್ನು ಆ ದಿನಗಳು ಬಯಲಿಗೆಳೆದವು.

ಪ್ರಿಯ ಓದುಗರೇ, ಕೂಲಿ ಕೊಟ್ಟಲ್ಲಿಗೆ ಮಾಲಿಕನ ಬಾಧ್ಯತೆ ಮುಗಿಯಿತೇ? ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೈಕೆಳಗಿನವರು ನಿಮ್ಮ ಸಹೋದರರು, ನೀವು ಉಣ್ಣುವುದನ್ನೇ ಅವರಿಗೂ ಉಣಿಸಬೇಕೆಂದೂ ಬೋಧಿಸಿದರು. ಕೂಲಿಯಾಳಿನ ಲೆಕ್ಕ ಸಂಜೆಗೆ ಮುಗಿಯಬಹುದು. ಸಹೋದರನ ಲೆಕ್ಕ ಮುಗಿಯುವುದಿಲ್ಲ.

ಕೆಲಸವೇ ನಿಂತಾಗ ನಮ್ಮ ಕೈಯೂ ಬರಿದಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಮಾತೇ. ಆದ್ದರಿಂದಲೇ ಸಿದ್ಧತೆ ಸುಭಿಕ್ಷೆಯ ಕಾಲದಲ್ಲಿ ನಡೆಯಬೇಕು. ಏಳು ವರ್ಷಗಳ ಬೆಳೆಯನ್ನು ತೆನೆಯಲ್ಲೇ ಉಳಿಸಿ, ಮುಂದಿನ ಏಳು ವರ್ಷಗಳ ಬರಗಾಲಕ್ಕೆ ಕಾಪಿಡುವಂತೆ ಯೂಸುಫ್(ಅ) ಸೂಚಿಸಿದ ವೃತ್ತಾಂತ ಪವಿತ್ರ ಕುರ್‌ಆನಿನಲ್ಲಿದೆ. ಇಂತಹ ಮುಂದಾಲೋಚನೆ ತವಕ್ಕುಲ್‌ಗೆ ವಿರುದ್ಧವಲ್ಲ.

ಕಟ್ಟಡ ಕಾರ್ಮಿಕರಿಗೂ ಒಂದು ಕಣಜವಿದೆ. ನಿರ್ಮಾಣ ವೆಚ್ಚದ ಶೇಕಡಾ 1ರಷ್ಟು ಸೆಸ್ ಸಂಗ್ರಹಿಸಿ ಅವರ ಕ್ಷೇಮಕ್ಕಾಗಿ ಬಳಸುವ ಏರ್ಪಾಡು 1996ರ ಕಾನೂನುಗಳಿಂದ ಆರಂಭವಾಯಿತು. 2020ರಲ್ಲಿ ಕರ್ನಾಟಕದ ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಒಟ್ಟು 5,000 ರೂಪಾಯಿ ಪರಿಹಾರ ಘೋಷಿಸಲಾಯಿತು. ಹೆಸರು ನೋಂದಾಯಿಸದವನಿಗೆ ಆ ಕಣಜದ ಬಾಗಿಲು ತೆರೆಯಲಿಲ್ಲ.

ನೀವು ಮನೆ ಕಟ್ಟಿಸುತ್ತಿದ್ದೀರಾ? ಹಾಗಾದರೆ ಮೇಸ್ತ್ರಿಯೊಂದಿಗೆ ದರ ಮಾತನಾಡುವಾಗಲೇ ಆಳುಗಳ ನೋಂದಣಿಯ ಬಗ್ಗೆಯೂ ವಿಚಾರಿಸಿರಿ. ಸೆಸ್ ತಪ್ಪಿಸಲು ವೆಚ್ಚವನ್ನು ಕಡಿಮೆ ತೋರಿಸದಿರಿ. ಅದು ಸರಕಾರಕ್ಕೆ ಮಾತ್ರ ಮಾಡುವ ವಂಚನೆಯಲ್ಲ, ಬಡವನ ಹಕ್ಕನ್ನು ಕಬಳಿಸುವುದಾಗಿದೆ. ಆಳುಗಳು ಮಲಗುವ ಶೆಡ್ಡಿಗೆ ಗಾಳಿ, ನೀರು ಇರಲಿ. ಜ್ವರ ಬಂದವನಿಗೆ ಕೂಲಿ ಸಹಿತ ರಜೆ ಕೊಡಿರಿ. ಕೂಲಿ ಕಡಿತದ ಭಯವಿದ್ದರೆ ಅವನು ರೋಗವನ್ನು ಅಡಗಿಸುತ್ತಾನೆ, ಅದು ಎಲ್ಲರಿಗೂ ಹರಡುತ್ತದೆ. ಕಲ್ಲು, ಮರಳಿನ ಅಂದಾಜುಪಟ್ಟಿಯಲ್ಲಿ ಕೆಲಸ ನಿಂತ ದಿನಗಳ ಅಕ್ಕಿಗೂ ಒಂದು ಸಾಲು ಮೀಸಲಿಡಿರಿ.

ಪೂರ್ತಿ ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತಿಮ ದಿನದಲ್ಲಿ ಅಲ್ಲಾಹನೇ ವಾದಿಯಾಗುವನೆಂದು ಹದೀಸ್ ಎಚ್ಚರಿಸುತ್ತದೆ. ನಾವು ಕಟ್ಟಿಸಿದ ಮನೆ ಒಂದು ದಿನ ನಮ್ಮದಾಗಿರುವುದಿಲ್ಲ. ಅದನ್ನು ಕಟ್ಟಿದವನ ಹಕ್ಕು ಮಾತ್ರ ನಮ್ಮೊಂದಿಗೆ ಬರುತ್ತದೆ.